ದೊಡ್ಡಪ್ಪನ ಸ್ಕ್ಯಾನಿಂಗ್ ರಿಪೋರ್ಟ್

ಹೋಳಿಗೆ, ತುಪ್ಪ ಜಾಸ್ತಿಯಾದ ರಾತ್ರಿಯೆಲ್ಲ ದೊಡ್ಡಪ್ಪನಿಗೆ ಬಲಪಕ್ಕೆಯ ಕೆಳಗೆ ನೋವು ಬರುತ್ತಿತ್ತು. ‘ಪಿತ್ತ ಕಣೋ’ ಎಂದು ಮುರುಗಲು ಪಾನಕ ಕುಡಿದು ಮಲಗುತ್ತಿದ್ದರು. ಕೊನೆಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದೆ. ರಿಪೋರ್ಟ್ ಕೈಗೆ ಬರುವ ಹೊತ್ತಿಗೆ ಡಾಕ್ಟರು ಹೊರಟಿದ್ದರು. ನಾವು ತೀರ್ಥಹಳ್ಳಿ ಬಸ್ಸು ಹತ್ತಿದೆವು.

ಗಾಜನೂರು ದಾಟುವ ಮೊದಲೇ ಅವರು ಕವರ್ ಬಿಚ್ಚಿದರು. ಹೆಪಟೋಮೆಗಲಿ. ಕೋಲಿಲಿಥಿಯಾಸಿಸ್. ‘ಎಂತ ಮಾರಾಯ ಇದು! ನಾನು ಉಳೀತೀನಾ?’

ನರ್ಸಿಂಗ್ ಓದುತ್ತಿರುವ ತಂಗಿಗೆ ಫೋನ್ ಮಾಡಿದೆ. ‘ಅಣ್ಣ, ಉದ್ದ ನೋಡಿ ಹೆದರಬೇಡ, ತುಂಡು ಮಾಡಿ ಓದು’ ಎಂದಳು. ಹೆಪಟೋ ಎಂದರೆ ಲಿವರ್, ಮೆಗಲಿ ಎಂದರೆ ದೊಡ್ಡದಾಗಿದೆ ಅಂತ. ಕೋಲಿ ಪಿತ್ತ, ಲಿಥ್ ಕಲ್ಲು. ಎಲ್ಲ ಗ್ರೀಕ್ ಮೂಲದವು. ಕೊನೆಯಲ್ಲಿ ‘ಐಟಿಸ್’ ಬಂದರೆ ಅಲ್ಲಿ ಉರಿಯೂತ ಇದೆ ಎಂದರ್ಥ. ‘ಕೆಳಗೆ ಇಂಪ್ರೆಷನ್ ಅಂತ ಇರುತ್ತೆ, ಅದೇ ಒಟ್ಟು ಸಾರಾಂಶ, ಅದನ್ನ ಓದು’ ಎಂದಳು. ಅಕ್ಯೂಟ್ ಕೋಲಿಸಿಸ್ಟೈಟಿಸ್‌ನ ಲಕ್ಷಣ ಇಲ್ಲ ಎಂದಿತ್ತು. ಅಂದರೆ ಪಿತ್ತಕೋಶದಲ್ಲಿ ಕಲ್ಲಿದೆ, ಆದರೆ ಈಗ ಊದಿಕೊಂಡಿಲ್ಲ. ಅಕ್ಯೂಟ್ ಎಂದರೆ ಭಾರೀ ಜೋರು ಎಂದೇ ನಮ್ಮಲ್ಲಿ ಜಾಸ್ತಿ ಜನ ತಿಳಿದಿದ್ದಾರೆ. ದಿಢೀರನೆ ಬಂದದ್ದು ಅಂತಷ್ಟೇ. ಕ್ರಾನಿಕ್ ಎಂದರೆ ಬಹಳ ಕಾಲದಿಂದ ಇರುವುದು. ‘ಕ್ರಾನಿಕ್ ಆಗೋಯ್ತಂತೆ’ ಎಂದು ಸುಮ್ನೆ ಕಣ್ಣೀರು ಹಾಕುವವರನ್ನು ನಾನೇ ನೋಡಿದ್ದೇನೆ.

ಮಂಡಗದ್ದೆ ಹತ್ತಿರ ನೆಟ್‌ವರ್ಕ್ ಹೋಯಿತು. ದೊಡ್ಡಪ್ಪನ ಮುಖ ಅಷ್ಟರಲ್ಲಿ ಸಡಿಲವಾಗಿತ್ತು. ‘ಮಂಡಿಯಲ್ಲಿ ಅಡಿಕೆಯ ಒಂದೊಂದು ತರಕ್ಕೂ ಸರಕು, ಬೆಟ್ಟೆ, ರಾಶಿ, ಗೊರಬಲು ಅಂದ ಹಾಗೆ. ಒಳಗಿನವರಿಗೆ ಸಲೀಸು’ ಎಂದರು.

ಮರುದಿನ ಡಾಕ್ಟರು ಚಿತ್ರ ಬರೆದು ತೋರಿಸಿದರು. ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ. ಅದರ ಕೆಳಗಿರುವ ಪುಟ್ಟ ಚೀಲ ಅದನ್ನು ಕೂಡಿಟ್ಟು, ಜಿಡ್ಡಿನ ಊಟ ಬಂದಾಗ ಹಿಂಡುತ್ತದೆ. ದಾರಿಗೆ ಕಲ್ಲು ಅಡ್ಡ ಬಂದರೆ ನೋವು. ಒಮ್ಮೊಮ್ಮೆ ಬಲಭುಜಕ್ಕೂ ಹರಡುತ್ತದೆ. ಕಲ್ಲಿದ್ದರೂ ಏನೂ ತೊಂದರೆಯಾಗದವರು ಬಹಳ ಮಂದಿ, ಅವರಿಗೆ ಸಾಮಾನ್ಯವಾಗಿ ಆಪರೇಷನ್ ಬೇಡ. ಇವರಿಗೆ ಪದೇ ಪದೇ ನೋವು ಬರುತ್ತಿದ್ದರಿಂದ ಚೀಲವನ್ನೇ ತೆಗೆಯುವುದು ಒಳ್ಳೆಯದು ಎಂದರು.

‘ಚೀಲ ತೆಗೆದರೆ ಪಿತ್ತ ಎಲ್ಲಿಗೆ ಹೋಗುತ್ತೆ?’ ದೊಡ್ಡಪ್ಪ ಕೇಳಿದರು. ನನಗೆ ಹೊಳೆಯದ ಪ್ರಶ್ನೆ ಅದು.

‘ಲಿವರ್‌ನಿಂದ ನೇರ ಕರುಳಿಗೆ.’

‘ಹಾಗಾದ್ರೆ ಅಡಿಕೆ ಕೊಯ್ಲು ಮುಗಿಸಿ ಬರ್ತೀನಿ.’

‘ಬನ್ನಿ, ಆದರೆ ತುಂಬಾ ತಡ ಮಾಡಬೇಡಿ. ಜ್ವರ ಬಂದರೆ, ಕಣ್ಣು ಹಳದಿಯಾದರೆ ಕೊಯ್ಲು ಬಿಟ್ಟು ಅವತ್ತೇ ಬರಬೇಕು.’