ಸೌದೆ ಹಸಿಯೋ ಒಣಗಿದೆಯೋ, ಗ್ಯಾಸ್ ಮೀಟರ್ ನೋಡಿ

ನನ್ನ ಕೆಲಸ ಕಾರ್ಖಾನೆಗಳಲ್ಲಿ ವಿದ್ಯುತ್ ತಯಾರಿಸೋ, 100 ಕಿಲೋವ್ಯಾಟ್ ಆಸುಪಾಸಿನ ಪುಟ್ಟ ಗ್ಯಾಸ್ ಟರ್ಬೈನ್‌ಗಳದ್ದು. ಬೆಂಗಳೂರಿನ ಕಾರ್ಖಾನೆಗಳಿಗೆ ಪೈಪ್ ಗ್ಯಾಸ್ ಬಂದಮೇಲೆ ಕೇಳೋ ಪ್ರಶ್ನೆ ಒಂದೇ: "ಸಾರ್, ಗ್ಯಾಸ್ ಬಿಲ್ ಕೈ ಸುಡ್ತಿದೆ. ಜೊತೆಗೆ ಸೌದೆ, ತೆಂಗಿನ ಕರಟ, ಕಾಫಿ ಹೊಟ್ಟು ಹಾಕಿ ಓಡಿಸಬಹುದಾ?"

ಓಡಿಸಬಹುದು, ಆದರೆ ಸೌದೆಯ ಹೊಗೆ ಟರ್ಬೈನ್ ಒಳಗೆ ಹೋಗಬಾರದು. ಅದರಲ್ಲಿರೋ ಪೊಟ್ಯಾಸಿಯಂ ಮತ್ತು ಬೂದಿ ಬ್ಲೇಡುಗಳನ್ನ ತಿಂದುಹಾಕುತ್ತೆ. ಸೌದೆಯನ್ನ ಅರೆಬರೆ ಉರಿಸಿ ಉರಿಯೋ ಅನಿಲ ಮಾಡೋ ಗ್ಯಾಸಿಫೈಯರ್ ದಾರಿಯೂ ಇದೆ. ಇಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅದರ ಮೇಲೆ ದಶಕಗಳ ಕೆಲಸ ನಡೆದಿದೆ. ಎಂಜಿನ್‌ಗೆ ಅದು ಚೆನ್ನ. ಟರ್ಬೈನಿಗಾದರೆ ಆ ಅನಿಲದಿಂದ ಟಾರ್ (ಡಾಂಬರಿನಂಥ ಅಂಟು) ತೆಗೆದು, ನಾಲ್ಕೈದು ಪಟ್ಟು ಒತ್ತಡಕ್ಕೆ ಏರಿಸಬೇಕು. ನೈಸರ್ಗಿಕ ಅನಿಲದಲ್ಲಿ ಘನ ಮೀಟರಿಗೆ ಸುಮಾರು 35 ಮೆಗಾಜೂಲ್ ಶಾಖ ಇದ್ದರೆ ಇದರಲ್ಲಿ 5, ಅಂದರೆ ಅಷ್ಟೇ ಶಾಖಕ್ಕೆ ಏಳು ಪಟ್ಟು ಅನಿಲ ಒತ್ತಬೇಕು. ಒತ್ತೋದಕ್ಕೇ ಎಷ್ಟೋ ಕರೆಂಟ್ ಹೋಗುತ್ತೆ.

ಹಾಗಾಗಿ ನಾವು ಸೌದೆ ಉರಿಸೋದು ಹೊರಗಿನ ಫರ್ನೇಸ್‌ನಲ್ಲಿ. ಟರ್ಬೈನಿಗೆ ಗಾಳಿ ಒತ್ತೋ ಕಂಪ್ರೆಸರ್‌ನಿಂದ ಬಂದ ಶುದ್ಧ ಗಾಳಿ, ಆ ಬೆಂಕಿಯಿಂದ ಕಾದ ಹೀಟ್ ಎಕ್ಸ್‌ಚೇಂಜರ್ ಕೊಳವೆಗಳಲ್ಲಿ ಹಾದು 800 ಡಿಗ್ರಿವರೆಗೆ ಕಾಯುತ್ತೆ. ಅದಕ್ಕಿಂತ ಮೇಲೆ ಸಾಮಾನ್ಯ ಲೋಹ ತಡೆಯಲ್ಲ. ಟರ್ಬೈನಿಗೆ ಬೇಕಾದದ್ದು 950. ಆ ಕೊನೆಯ 150 ಡಿಗ್ರಿಯನ್ನ ಗ್ಯಾಸ್ ತುಂಬುತ್ತೆ. "ಪೂರ್ತಿ ಸೌದೆಯಲ್ಲೇ ಓಡಿಸಿ" ಅಂದರೆ, ನಮ್ಮ ಲೆಕ್ಕದಲ್ಲಿ ವಿದ್ಯುತ್ ಸುಮಾರು ಶೇ 30 ಇಳಿಯುತ್ತೆ. ಟರ್ಬೈನ್ ಕೊಡೋ ಶಕ್ತಿ ಕಡಿಮೆಯಾದರೂ ಅದರಲ್ಲಿ ಕಂಪ್ರೆಸರ್ ತಿನ್ನೋ ಪಾಲು ಮಾತ್ರ ಹಾಗೇ ಉಳಿಯುತ್ತಲ್ಲ. (ಬೆಂಗಳೂರು 900 ಮೀಟರ್ ಎತ್ತರದಲ್ಲಿರೋದರಿಂದ ಗಾಳಿ ತೆಳು, ಮೊದಲೇ ಶೇ 10ರಷ್ಟು ಖೋತಾ. ಕ್ಯಾಟಲಾಗ್ ನೋಡಿ ಯಂತ್ರ ಕೊಳ್ಳೋರು ಇದನ್ನ ಕೇಳೋದೇ ಇಲ್ಲ.)

ಈ ವ್ಯವಸ್ಥೆಯಲ್ಲಿ ನಾನು ಮೊದಲು ನೋಡೋದು ಗ್ಯಾಸ್ ಮೀಟರ್. ಸೌದೆ ಕಡೆ ಏನೇ ಕಡಿಮೆಯಾದರೂ ಕಂಟ್ರೋಲರ್ ಗ್ಯಾಸ್ ಹೆಚ್ಚಿಸಿ ಸರಿದೂಗಿಸುತ್ತೆ. ವಿದ್ಯುತ್ ಅಷ್ಟೇ ಬರ್ತಿರುತ್ತೆ, ಯಾರಿಗೂ ಗೊತ್ತಾಗಲ್ಲ. ಲೋಡ್ ಬದಲಾಗದೆ ಗ್ಯಾಸ್ ದಿನದಿಂದ ದಿನಕ್ಕೆ ಮೆಲ್ಲಗೆ ಏರುತ್ತಿದ್ದರೆ, ಜೊತೆಗೆ ಚಿಮಣಿಯ ಬಿಸಿಯೂ ಏರುತ್ತಿದ್ದರೆ, ಕೊಳವೆಗಳ ಮೇಲೆ ಬೂದಿ ಕೂತಿದೆ ಅಂತ. ಕಾಫಿ ಹೊಟ್ಟಿನಲ್ಲಿ ಇದು ಜಾಸ್ತಿ. ಅದರ ಬೂದಿಯಲ್ಲಿ ಪೊಟ್ಯಾಸಿಯಂ ತುಂಬಾ ಇರೋದರಿಂದ ಬೇಗ ಮೆತ್ತಗಾಗಿ ಅಂಟಿಕೊಳ್ಳುತ್ತೆ. ನನ್ನನ್ನ ಕೇಳಿದರೆ ಅದು ಬೇಡವೇ ಬೇಡ. ಹೊಸ ಲಾರಿ ಸೌದೆ ಇಳಿದ ದಿನವೇ ಗ್ಯಾಸ್ ಜಿಗಿದು, ಫರ್ನೇಸ್ ಬಿಸಿ ಇಳಿದಿದ್ದರೆ ಸೌದೆ ಹಸಿ.

ಒಂದು ಕಾರ್ಖಾನೆಯಲ್ಲಿ ಮಳೆಗಾಲ ಶುರುವಾದಮೇಲೆ ಆದದ್ದು ಇದೇ. ಪರ್ಚೇಸ್‌ನವರು ವೇಬ್ರಿಡ್ಜ್ ಚೀಟಿ ನೋಡಿ ಟನ್ ಲೆಕ್ಕದಲ್ಲಿ ದುಡ್ಡು ಕೊಡ್ತಿದ್ದರು, ಅಂದರೆ ನೀರಿಗೂ ಸೇರಿಸಿ. ಆ ನೀರನ್ನ ಆವಿ ಮಾಡೋದಕ್ಕೆ ಹೋದ ಶಾಖವನ್ನ ಗ್ಯಾಸ್ ತುಂಬಿಕೊಡ್ತಿತ್ತು. ಸೌದೆ ಬಿಲ್ ಒಬ್ಬರ ಮೇಜಿಗೆ, ಗ್ಯಾಸ್ ಬಿಲ್ ಇನ್ನೊಬ್ಬರ ಮೇಜಿಗೆ ಹೋಗ್ತಿದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಲ್ಲ. ಲಾರಿ ತೂಕದ ರಿಜಿಸ್ಟರನ್ನೂ ಗ್ಯಾಸ್ ರೀಡಿಂಗನ್ನೂ ಒಂದೇ ಹಾಳೆಯಲ್ಲಿ ದಿನಾಂಕದ ಪ್ರಕಾರ ಬರೆದು ತೋರಿಸಿದೆ. ಈಗ ಅಲ್ಲಿ ಗೇಟಿನಲ್ಲೇ ತೇವಾಂಶ ಅಳೆದು, ಒಣ ತೂಕಕ್ಕೆ ದರ ಕಟ್ತಾರೆ. ಸಪ್ಲೈಯರ್ ಒಂದಷ್ಟು ದಿನ ಜಗಳವಾಡಿ, ಆಮೇಲೆ ತಾನೇ ಸೌದೆ ಶೆಡ್ಡಿಗೆ ತಗಡು ಹೊದಿಸಿದ.