ಜಪಾನಿ ಲೈಬ್ರರಿಯನ್ನು ಜೋಡಿಸೋಣ ಬನ್ನಿ

ಮಂಗಳೂರಿನ ನಾವು ಕೆಲವರು ಸೇರಿ ಮಾಡಿದ ಜಪಾನಿ ಕಲಿಕೆಯ ಆನ್‌ಲೈನ್ ಲೈಬ್ರರಿ ಈಗ ಗೋದಾಮಿನ ಹಾಗಾಗಿದೆ. ಪಿಡಿಎಫ್, ಆಡಿಯೊ, ಲಿಂಕು ಎಲ್ಲ ಇದೆ. ಆದರೆ ಹೊಸಬರಿಗೆ ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಸುಮ್ನೆ ಇನ್ನಷ್ಟು ಫೈಲು ತುಂಬಿಸುವುದು ಬೇಡ, ಮೊದಲು ಇರುವುದನ್ನು ಜೋಡಿಸೋಣ.

ದೊಡ್ಡ ಗೊಂದಲ ಹಂತಗಳದ್ದು. ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಗೆ 2010ಕ್ಕೆ ಮುಂಚೆ ನಾಲ್ಕೇ ಹಂತ ಇದ್ದವು, ಈಗ ಸುಲಭದ ಎನ್5ರಿಂದ ಕಷ್ಟದ ಎನ್1ರವರೆಗೆ ಐದು, ನಡುವಿನ ಎನ್3 ಆಮೇಲೆ ಸೇರಿದ್ದು, ಹಾಗಾಗಿ ಹಳೆಯ ಫೈಲಿನಲ್ಲಿ ‘ಮೂರನೇ ಹಂತ’ ಅಂತಿದ್ದರೆ ಅದು ಈಗಿನ ಎನ್4ಕ್ಕೆ ಹತ್ತಿರ. ಇದನ್ನು ಗೊತ್ತಿಲ್ಲದೆ ಎನ್3 ಅಂದುಕೊಂಡು ಓದುವವರು ಇದ್ದಾರೆ. ಜೊತೆಗೆ, ಈಗಿನ ಪರೀಕ್ಷೆಗೆ ಅಧಿಕೃತ ಪದಪಟ್ಟಿಯೇ ಇಲ್ಲ. ನೆಟ್‌ನಲ್ಲಿ ಸಿಗುವ ಪಟ್ಟಿಗಳೆಲ್ಲ ಅಂದಾಜು. ಆ ಮಾತನ್ನು ಪಟ್ಟಿಯ ತಲೆಯಲ್ಲೇ ಬರೆಯಬೇಕು.

ನನಗೆ ಜಾಸ್ತಿ ಆಸೆ ಇರುವುದು ಕನ್ನಡ ವಿವರಣೆಯ ಮೇಲೆ. ಜಪಾನಿಯಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ‘ಗೆ’, ‘ಇಂದ’ ಥರದವು ನಾಮಪದ ಆದಮೇಲೆ ಸೇರುತ್ತವೆ. ನಮ್ಮ ಊರಲ್ಲಿ ತುಳು, ಕೊಂಕಣಿ ಮಾತಾಡುವವರಿಗೂ ಇದು ಸಹಜವೇ ಅಲ್ವಾ? ಮತ್ತೆ ಇಂಗ್ಲಿಷ್ ಮೂಲಕ ಸುತ್ತಿ ಬಳಸಿ ಯಾಕೆ ಹೋಗಬೇಕು?

ಅನುಮತಿ ಇಲ್ಲದ ಸ್ಕ್ಯಾನ್ ಪುಸ್ತಕಗಳನ್ನು ತೆಗೆದುಬಿಡೋಣ. ಮೇಲಿನ ಹಂತದವರಿಗೆ ಓದಲು ಅಓಜೋರಾ ಬುಂಕೊ ಅನ್ನುವ ಜಪಾನಿ ಆನ್‌ಲೈನ್ ಲೈಬ್ರರಿ ಇದೆ, ಹಕ್ಕುಸ್ವಾಮ್ಯ ಮುಗಿದ ಕೃತಿಗಳು ಅಲ್ಲಿ ಉಚಿತ.

ಉಡುಪಿ, ಮಣಿಪಾಲದ ಕಡೆಯವರು ಯಾರಾದರೂ ಎನ್5 ವ್ಯಾಕರಣಕ್ಕೆ ಕನ್ನಡ ಟಿಪ್ಪಣಿ ಬರೆಯಲು ಸಿದ್ಧರಿದ್ದರೆ ದಯವಿಟ್ಟು ಹೇಳಿ, ಡಿಸೆಂಬರ್ ಪರೀಕ್ಷೆಗೆ ಮುಂಚೆ ಅದೊಂದನ್ನಾದರೂ ಮುಗಿಸೋಣ.