ಹೇಂಟೆ ಕಾವಿಗೆ ಕೂತ ಮೇಲೆ ನಮಗೇನು ಕೆಲಸ

ನಾಟಿ ಹೇಂಟೆ ಕಾವಿಗೆ ಬಂದಿದೆ ಎಂಬುದನ್ನು ತಿಳಿಯಲು ದೊಡ್ಡ ಅನುಭವವೇನೂ ಬೇಕಿಲ್ಲ. ಮೊಟ್ಟೆ ಇಟ್ಟ ಮೇಲೂ ಅದು ಗೂಡು ಬಿಟ್ಟು ಏಳುವುದಿಲ್ಲ. ಹತ್ತಿರ ಹೋದರೆ ಮೈಗರಿಯನ್ನೆಲ್ಲ ಉಬ್ಬಿಸಿ ಒಂದು ಬಗೆಯ ಒರಟು ದನಿಯಲ್ಲಿ ಗುರುಗುಟ್ಟುತ್ತದೆ. ಕೈ ಚಾಚಿದರೆ ಕುಕ್ಕುತ್ತದೆ. ಮೆದುಳಿನ ಬುಡದ ಗ್ರಂಥಿಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಿದಾಗ ಮೊಟ್ಟೆ ಇಡುವುದು ನಿಂತು ಕಾವು ಕೂರುವ ಹಂಬಲ ಶುರುವಾಗುತ್ತದೆ. ಮೊಟ್ಟೆಗಾಗಿಯೇ ಸಾಕುವ ಫಾರಂ ತಳಿಗಳಲ್ಲಿ ಈ ಗುಣವನ್ನು ತಲೆಮಾರುಗಳ ಆಯ್ಕೆಯಿಂದ ಬಹುಪಾಲು ತೆಗೆದುಹಾಕಿದ್ದಾರೆ, ಏಕೆಂದರೆ ಕಾವಿಗೆ ಕೂತ ಕೋಳಿಯಿಂದ ಅಷ್ಟು ದಿನ ಮೊಟ್ಟೆ ಸಿಗುವುದಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿಯೂ ಮರಿ ಬೇಡವೆನ್ನುವವರು ಹೇಂಟೆಯನ್ನು ನೀರಿನಲ್ಲಿ ಅದ್ದಿ, ಇಲ್ಲವೇ ಮೂಗಿಗೆ ಅದರದೇ ಗರಿ ಚುಚ್ಚಿ ಕಾವು ಬಿಡಿಸುತ್ತಾರೆ. ಅದು ನನಗೆ ಒಪ್ಪಿತವಲ್ಲದ ಪದ್ಧತಿ.

ನಾನು ಮೈಸೂರಿನ ಬಡಾವಣೆಯಲ್ಲಿ ಬೆಳೆದವಳು. ಮದುವೆಯಾಗಿ ಮಂಡ್ಯ ತಾಲ್ಲೂಕಿನ ನಾಲೆಯ ಬದಿಯ ಈ ಊರಿಗೆ ಬಂದ ಮೇಲೆಯೂ ಕೋಳಿಗಳ ಉಸ್ತುವಾರಿಯೆಲ್ಲ ಅತ್ತೆಯವರದೇ ಆಗಿತ್ತು. ಈ ಬಾರಿ ಅವರು ನನಗೇ ಬಿಟ್ಟರು. ಬಿಟ್ಟರೇನೋ ನಿಜ, ಆದರೆ ಒಂದು ತೊಡಕಿತ್ತು: ಮನೆಯಲ್ಲಿದ್ದ ಒಂದೇ ಹುಂಜ ಯುಗಾದಿಯ ಮರುದಿನದ ಹೊಸತೊಡಕಿಗೆ ಸಾರಾಗಿ ಹೋಗಿತ್ತು. ಹುಂಜವಿಲ್ಲದ ಮನೆಯ ಮೊಟ್ಟೆಯಲ್ಲಿ ಮರಿ ಹೇಗೆ ಬಂದೀತು ಎಂದು ನಾನು ಕೈಚೆಲ್ಲಿ ಕೂತಿದ್ದೆ. ಪಶುವೈದ್ಯರನ್ನು ಕೇಳಿದಾಗ ಅವರು ಹೇಳಿದ ವಿಷಯ ನನಗೆ ಬಹಳ ಹಿಡಿಸಿತು. ಹುಂಜದ ವೀರ್ಯ ಹೇಂಟೆಯ ಅಂಡನಾಳದೊಳಗಿನ ಸೂಕ್ಷ್ಮ ಕೊಳವೆಗಳಲ್ಲಿ ಸಂಗ್ರಹವಾಗಿ ಒಂದು ವಾರದಿಂದ ಎರಡು ವಾರದವರೆಗೆ ಜೀವಂತವಾಗಿ ಉಳಿಯುತ್ತದೆಯಂತೆ; ಹಾಗಾಗಿ ಹುಂಜ ಹೋದ ಮೇಲೆ ಇಟ್ಟ ಮೊದಮೊದಲ ಮೊಟ್ಟೆಗಳಲ್ಲಿಯೂ ಮರಿಯಾಗುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ, ದಿನ ಕಳೆದಂತೆ ಅದು ಕುಗ್ಗುತ್ತದೆ. ಹೊಸತೊಡಕಿನ ಹುಂಜದ ವಂಶ ಅಲ್ಲಿಗೇ ಮುಗಿದಿರಲಿಲ್ಲ.

ಮೊಟ್ಟೆ ಆಯುವುದರಲ್ಲಿ ಇರುವಷ್ಟು ಕೆಲಸ ಮುಂದಿನ ಯಾವ ಹಂತದಲ್ಲೂ ಇಲ್ಲವೆಂದು ಈಗ ನನಗೆ ಅನ್ನಿಸುತ್ತದೆ. ಹೇಂಟೆ ದಿನಕ್ಕೊಂದರಂತೆ, ನಡುನಡುವೆ ಬಿಡುವು ಕೊಟ್ಟು, ಮೊಟ್ಟೆ ಇಡುತ್ತದೆ. ಆದರೂ ಮರಿಗಳೆಲ್ಲ ಹೆಚ್ಚುಕಡಿಮೆ ಒಂದೇ ದಿನ ಹೊರಬರುತ್ತವೆ. ತಂಪಿನಲ್ಲಿರುವ ಮೊಟ್ಟೆಯೊಳಗೆ ಜೀವ ಬೆಳೆಯದೆ ತಟಸ್ಥವಾಗಿದ್ದು, ಕಾವು ಸಿಕ್ಕ ಗಳಿಗೆಯಿಂದ ಎಲ್ಲವೂ ಒಟ್ಟಿಗೇ ಬೆಳೆಯತೊಡಗುವುದೇ ಇದಕ್ಕೆ ಕಾರಣ. ಆದರೆ ತಂಪು ಎಂಬುದು ಏಪ್ರಿಲ್ ತಿಂಗಳ ಮಂಡ್ಯದಲ್ಲಿ ಸುಲಭದ ಮಾತಲ್ಲ. ಸುತ್ತಲಿನ ಉಷ್ಣತೆ ಸುಮಾರು 27 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೊಟ್ಟೆಯೊಳಗೆ ಅರೆಬರೆ ಬೆಳವಣಿಗೆ ಶುರುವಾಗಿ, ಕಾವಿಗೆ ಇಡುವ ಮೊದಲೇ ಭ್ರೂಣ ಸೊರಗಿ ಸಾಯುವ ಅಪಾಯವಿದೆ. ಶೀಟಿನ ಮಾಡಿನ ಕೆಳಗೆ ಬುಟ್ಟಿಯಲ್ಲಿಟ್ಟ ಮೊಟ್ಟೆಗಳು ಬೇಸಿಗೆಯಲ್ಲಿ ಹೆಚ್ಚಾಗಿ ಕೆಡುವುದು ಇದರಿಂದಲೇ ಇರಬೇಕು. ಅತ್ತೆಯವರು ಅಡುಗೆಮನೆಯ ಮೂಲೆಯಲ್ಲಿ, ನೀರಿನ ಮಡಕೆಯ ಪಕ್ಕದಲ್ಲಿ, ರಾಗಿ ತುಂಬಿದ ಚಟ್ಟಿಯೊಳಗೆ ಮೊಟ್ಟೆ ಹುದುಗಿಸಿಡುತ್ತಿದ್ದುದರ ಅರ್ಥ ಆಗ ಹೊಳೆಯಿತು. ಅಷ್ಟು ಮಾಡಿದರೂ ವಾರ ಹತ್ತು ದಿನಕ್ಕಿಂತ ಹಳೆಯದಾದ ಮೊಟ್ಟೆಯನ್ನು ಕಾವಿಗೆ ಇಡಬಾರದು. ಕೊಳೆಯಾಗಿದೆಯೆಂದು ತೊಳೆಯಲೂಬಾರದು, ಏಕೆಂದರೆ ಮೊಟ್ಟೆಯ ಮೇಲೆ ಒಂದು ತೆಳುವಾದ ಲೇಪವಿರುತ್ತದೆ. ಅದು ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಸೋಂಕು ಒಳಗೆ ಹೋಗದಂತೆ ತಡೆಯುತ್ತದೆ. ತೀರಾ ದೊಡ್ಡದು, ತೀರಾ ಸಣ್ಣದು, ಸೊಟ್ಟಗಿರುವುದು, ಕೂದಲೆಳೆಯಷ್ಟು ಬಿರುಕಿರುವುದು ಎಲ್ಲವನ್ನೂ ಪಕ್ಕಕ್ಕಿಟ್ಟು ಉಳಿದವನ್ನು ಆಯ್ದೆವು. ಒಂದು ನಾಟಿ ಹೇಂಟೆಯ ಮೈಯಡಿ 10ರಿಂದ 12 ಮೊಟ್ಟೆ ಹಿಡಿಸುತ್ತವೆ. ಅದಕ್ಕೂ ಹೆಚ್ಚಿಟ್ಟರೆ ಅಂಚಿನ ಮೊಟ್ಟೆಗಳಿಗೆ ಸರದಿಯಂತೆ ಕಾವು ತಪ್ಪುತ್ತದೆ.

ಹಳೆಯ ಮಂಕರಿಯೊಂದರ ತಳಕ್ಕೆ ಮರಳು ಮತ್ತು ಒಲೆಯ ಬೂದಿ, ಅದರ ಮೇಲೆ ಒಣಗಿದ ಬತ್ತದ ಹುಲ್ಲು, ಹುಲ್ಲಿನ ನಡುವೆ ಲಕ್ಕಿ ಸೊಪ್ಪು ಹಾಕಿದೆವು. ಸೊಪ್ಪು ಹಾಕುವುದು ಕೋಳಿ ಹೇನಿನ ಕಾಟ ತಪ್ಪಿಸಲಿಕ್ಕೆ. ಸದಾ ಒಂದೇ ಜಾಗದಲ್ಲಿ ಕೂತಿರುವ ಹೇಂಟೆಗೆ ಹೇನು ಹತ್ತಿದರೆ ಅದು ತಾಳಲಾರದೆ ಗೂಡು ಬಿಟ್ಟೇ ಹೋಗಬಹುದು. ಅತ್ತೆಯವರು ಇದರ ಜೊತೆಗೆ ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲ ಚೂರು, ಎರಡು ಒಣ ಮೆಣಸಿನಕಾಯಿಯನ್ನೂ ಇಟ್ಟರು. ಯುಗಾದಿ ಕಳೆದ ಮೇಲಿನ ಗುಡುಗು ಮಳೆಗೆ ಮೊಟ್ಟೆ ಕೆಡದಿರಲಿ ಎಂಬುದು ಅವರ ನಂಬಿಕೆ. ಮೊಳೆಗೂ ಗುಡುಗಿಗೂ ಸಂಬಂಧವಿದೆಯೆಂದು ನಾನು ಒಪ್ಪುವುದಿಲ್ಲ. ಆ ತಿಂಗಳುಗಳ ಧಗೆ ಮತ್ತು ತೇವದಿಂದ ಮೊಟ್ಟೆ ಕೆಡುತ್ತದೆ, ಹೆಸರು ಗುಡುಗಿಗೆ ಬರುತ್ತದೆ. ಆದರೂ ಮೊಳೆಯನ್ನು ತೆಗೆಯಲು ಹೋಗಲಿಲ್ಲ. ಅತ್ತೆ ಸೊಸೆಯರ ನಡುವೆ ಒಂದು ಮೊಳೆ ಯಾಕೆ ಎಂದು ಸುಮ್ಮನಾದೆ.

ಕತ್ತಲಾದ ಮೇಲೆಯೇ ಹೇಂಟೆಯನ್ನು ಹೊಸ ಗೂಡಿಗೆ ಎತ್ತಿಡಬೇಕು, ಏಕೆಂದರೆ ಹಗಲಿನಲ್ಲಿ ಎತ್ತಿಟ್ಟರೆ ಅದು ಗಾಬರಿಯಾಗಿ ಹಳೆಯ ಜಾಗಕ್ಕೇ ಓಡುತ್ತದೆ. ಇನ್ನೊಂದು ಸಣ್ಣ ಎಚ್ಚರಿಕೆ ಪಕ್ಕದ ಮನೆಯವರಿಂದ ಬಂತು: ಕಾವಿಗಿಟ್ಟ ಮೊಟ್ಟೆಗಳ ಮೇಲೆಲ್ಲ ಪೆನ್ಸಿಲಿನಿಂದ, ಅವನ್ನು ಹೇಂಟೆ ಇಟ್ಟ ತಾರೀಖು ಬರೆದು, ಗುರುತು ಮಾಡಿಡಬೇಕು. ಕಾವಿಗೆ ಕೂತ ಹೇಂಟೆ ಎದ್ದು ಹೋದಾಗ ಬೇರೆ ಕೋಳಿಗಳು ಬಂದು ಅದೇ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ, ಮತ್ತು ಗುರುತಿಲ್ಲದಿದ್ದರೆ ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಹೇಳಲಾಗುವುದಿಲ್ಲ. ನಮ್ಮ ಗೂಡಿನಲ್ಲಿಯೂ ಹಾಗೆಯೇ ಆಯಿತು. ಗುರುತಿಲ್ಲದವನ್ನು ಆಯಾ ದಿನವೇ ತೆಗೆದು ಅಡುಗೆಗೆ ಬಳಸಿದೆವು.

ಮುಂದಿನ 21 ದಿನಗಳು ಹೇಂಟೆಯವು. ಅದು ಎದೆಯ ಗರಿಗಳನ್ನು ಉದುರಿಸಿಕೊಂಡು ಬರಿ ಚರ್ಮವನ್ನು ಮೊಟ್ಟೆಗೆ ತಾಗಿಸಿ ಕೂರುತ್ತದೆ. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ. ಮೊಟ್ಟೆಗೆ ಬೇಕಾದದ್ದು 37 ಡಿಗ್ರಿಯ ಮೇಲೆ ಚೂರು. ಆ ಅಂತರವನ್ನು ಅದು ಮೈ ಸಡಿಲಿಸಿ, ಬಿಗಿದು, ಮೊಟ್ಟೆಗಳನ್ನು ಒಳಗಿಂದ ಹೊರಕ್ಕೆ, ಹೊರಗಿಂದ ಒಳಕ್ಕೆ ಸರಿಸುತ್ತ ತಾನೇ ಸರಿದೂಗಿಸುತ್ತದೆ. ದಿನಕ್ಕೆ ಹಲವಾರು ಬಾರಿ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತಲೇ ಇರುತ್ತದೆ, ಇಲ್ಲದಿದ್ದರೆ ಭ್ರೂಣ ಒಂದು ಬದಿಯ ಪೊರೆಗೆ ಅಂಟಿಕೊಂಡುಬಿಡುತ್ತದೆ. ದಿನಕ್ಕೊಮ್ಮೆ, ಹದಿನೈದಿಪ್ಪತ್ತು ನಿಮಿಷ ಎದ್ದು, ನುಚ್ಚು ತಿಂದು, ನೀರು ಕುಡಿದು, ಒಂದು ದೊಡ್ಡ ಹಿಕ್ಕೆ ಹಾಕಿ, ಬೂದಿಯಲ್ಲಿ ಹೊರಳಾಡಿ ಹಿಂದಿರುಗುತ್ತದೆ. ಆ ಹೊತ್ತಿನಲ್ಲಿ ಮೊಟ್ಟೆ ತಣ್ಣಗಾಗುತ್ತದಲ್ಲ ಎಂದು ನಾನು ಪರದಾಡುವುದನ್ನು ಕಂಡು ಅತ್ತೆಯವರು, “ಅದ್ರ ಕೆಲ್ಸ ಅದು ಮಾಡ್ಕತದೆ, ನೀನು ಗಳಿಗ್ಗೊಂದ್ಸಲ ಹೋಗಿ ಬಗ್ಗಿ ನೋಡ್‌ಬ್ಯಾಡ ಕಣವ್ವ,” ಎಂದರು. ಅಷ್ಟು ಹೊತ್ತಿನ ತಂಪಿನಿಂದ ಹಾನಿಯಿಲ್ಲವೆಂಬುದು ನಿಜವೇ. ನಮ್ಮ ಪಾಲಿಗೆ ಉಳಿದ ಕೆಲಸವೆಂದರೆ ಕಾಳು ನೀರು ಹತ್ತಿರವೇ ಇರುವಂತೆ, ಕೇರೆಹಾವು ಮತ್ತು ಮುಂಗುಸಿ ಸುಳಿಯದಂತೆ ನೋಡಿಕೊಳ್ಳುವುದಷ್ಟೇ.

ಒಂದು ಕುತೂಹಲವನ್ನು ಮಾತ್ರ ನಾನು ತಡೆದುಕೊಳ್ಳಲಿಲ್ಲ. ವಾರ ಕಳೆದ ಮೇಲೆ ರಾತ್ರಿ ಹೊತ್ತು ಮೊಟ್ಟೆಯ ಅಗಲ ತುದಿಗೆ ಮೊಬೈಲಿನ ಟಾರ್ಚು ಹಿಡಿದು ನೋಡಿದೆವು. ಜೀವವಿರುವ ಮೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆಯಿಂದ ಕೆಂಪು ನರಗಳು ಜೇಡರ ಬಲೆಯಂತೆ ಹರಡಿರುತ್ತವೆ. ಬರಡು ಮೊಟ್ಟೆ ಪೂರ್ತಿ ತಿಳಿಯಾಗಿ ಬೆಳಗುತ್ತದೆ. ಶುರುವಾಗಿ ಸತ್ತದ್ದರಲ್ಲಿ ರಕ್ತದ ಒಂದು ಉಂಗುರವಷ್ಟೇ ಕಾಣುತ್ತದೆ. ಬರಡೆಂದು ಕಂಡವು ಬಹುತೇಕ ಹುಂಜ ಹೋಗಿ ಬಹಳ ದಿನವಾದ ಮೇಲಿನವು ಎಂಬುದು ಪೆನ್ಸಿಲಿನ ತಾರೀಖುಗಳಿಂದ ಗೊತ್ತಾಯಿತು. ವೈದ್ಯರ ಲೆಕ್ಕ ಸರಿಯಾಗಿತ್ತು. ಅವುಗಳನ್ನು ತೆಗೆದುಬಿಡುವುದು ಒಳ್ಳೆಯದು. ಗೂಡಿನಲ್ಲೇ ಕೊಳೆತು ಒಡೆದರೆ ನಾತದ ಜೊತೆಗೆ ಉಳಿದವಕ್ಕೂ ಸೋಂಕು ತಗಲುತ್ತದೆ.

ಕೊನೆಯ ದಿನಗಳಲ್ಲಿ ಹೇಂಟೆಯ ದನಿ ಬದಲಾಯಿತು. ಹತ್ತೊಂಬತ್ತು ಇಪ್ಪತ್ತನೆಯ ದಿನದ ಹೊತ್ತಿಗೆ ಮರಿ ಮೊಟ್ಟೆಯ ಅಗಲ ತುದಿಯ ಗಾಳಿಕೋಶಕ್ಕೆ ಕೊಕ್ಕು ತೂರಿಸಿ ಮೊದಲ ಉಸಿರು ಎಳೆದುಕೊಳ್ಳುತ್ತದೆ, ಅಲ್ಲಿಂದಲೇ ಚಿಂವ್‌ಗುಟ್ಟುತ್ತದೆ, ಮತ್ತು ತಾಯಿ ಮೆಲುದನಿಯಲ್ಲಿ ಅದಕ್ಕೆ ಮಾರುತ್ತರ ಕೊಡುತ್ತದೆ. ಆಮೇಲೆ ಕೊಕ್ಕಿನ ತುದಿಯ ಗಟ್ಟಿ ಮೊನೆಯಿಂದ ಚಿಪ್ಪಿಗೆ ಒಂದು ತೂತು ಬೀಳುತ್ತದೆ. ತೂತು ಬಿದ್ದ ಮೇಲೆ ಹೊರಬರಲು ಹನ್ನೆರಡು ತಾಸು, ಕೆಲವೊಮ್ಮೆ ಇಡೀ ದಿನವೂ ಹಿಡಿಯುತ್ತದೆ. ಮರಿ ಒದ್ದಾಡುತ್ತಿದೆಯೆಂದು ಚಿಪ್ಪು ಬಿಡಿಸಿ ಸಹಾಯ ಮಾಡುವ ವೀಡಿಯೋಗಳು ಎಷ್ಟೋ ಇವೆ, ಅವನ್ನು ನಂಬಬೇಡಿ. ಆ ತಾಸುಗಳಲ್ಲಿ ಪೊರೆಯ ರಕ್ತನಾಳಗಳು ಬತ್ತಿ, ಉಳಿದ ಹಳದಿಭಾಗ ಮರಿಯ ಹೊಟ್ಟೆಯೊಳಕ್ಕೆ ಸೇರಿಕೊಳ್ಳುತ್ತಿರುತ್ತದೆ. ಅವಸರಪಟ್ಟರೆ ರಕ್ತ ಸುರಿದು ಸಾಯುತ್ತದೆ. ಹೊಟ್ಟೆ ಸೇರಿದ ಆ ಹಳದಿಯ ಬಲದಿಂದಲೇ ಮರಿ ಎರಡು ಮೂರು ದಿನ ಕಾಳು ನೀರಿಲ್ಲದೆ ಇರಬಲ್ಲದು, ಮತ್ತು ತಡವಾಗಿ ಒಡೆಯುವ ಮೊಟ್ಟೆಗಳಿಗಾಗಿ ತಾಯಿ ಗೂಡಿನಲ್ಲೇ ಕೂತಿದ್ದರೂ ಮೊದಲ ಮರಿಗಳಿಗೆ ತೊಂದರೆಯಾಗುವುದಿಲ್ಲ. ನಮ್ಮದರಲ್ಲಿ ಒಂದು ಮರಿ ಚಿಪ್ಪೊಡೆದು ಅಲ್ಲೇ ಸತ್ತಿತು. ಉಳಿದವೆಲ್ಲ ಒಣಗಿ ನಯವಾದ ಪಿಳ್ಳೆಗಳಾಗಿ ತಾಯಿಯ ರೆಕ್ಕೆಯಡಿಯಿಂದ ಇಣುಕಿದವು.

ಹೇಂಟೆಯೊಬ್ಬಳಿಂದಲೇ ಆಗದ ಕೆಲಸ ಇಲ್ಲಿಂದ ಶುರು. ಅಕ್ಕಿ ನುಚ್ಚು, ರಾಗಿ ಮೊದಲ ದಿನಗಳಿಗೆ ಸಾಕು, ಆದರೆ ಗರಿ ಬರಬೇಕಾದರೆ ಪ್ರೋಟೀನು ಬೇಕು. ಅದಕ್ಕೆ ಅತ್ತೆಯವರು ಹಳೆಯ ಮಡಕೆಗೆ ಒಣಸಗಣಿ, ಗೋಣಿಯ ಚೂರು, ಹುಲ್ಲು ತುಂಬಿ, ನೀರು ಚಿಮುಕಿಸಿ, ಹುತ್ತವಿರುವ ಕಡೆ ಸಂಜೆ ಬೋರಲು ಹಾಕಿದರು. ಬೆಳಗ್ಗೆ ಎತ್ತಿದರೆ ಮಡಕೆಯ ತುಂಬ ಗೆದ್ದಲು. ನೀರಿನ ತಟ್ಟೆಗೆ ಕಲ್ಲು ಹಾಕಿಡಬೇಕು, ಇಲ್ಲದಿದ್ದರೆ ಪಿಳ್ಳೆಗಳು ಮುಳುಗುತ್ತವೆ. ಹದ್ದು ಕಾಗೆಗಳ ಭಯಕ್ಕೆ ಮೊದಲ ವಾರಗಳಲ್ಲಿ ಹಗಲೆಲ್ಲ ಪಂಜರದಡಿಯೇ ಇಟ್ಟೆವು.

ಎಲ್ಲಕ್ಕಿಂತ ಹೆಚ್ಚು ಮರಿಗಳನ್ನು ಕೊಲ್ಲುವುದು ಹದ್ದಲ್ಲ, ರಾಣಿಖೇತ್ ಎಂದೂ ಕರೆಯುವ ಕೊಕ್ಕರೆ ರೋಗ ಎಂಬ ಅಂಟುಜಾಡ್ಯ. ಅದಕ್ಕೆ ಔಷಧವಿಲ್ಲ, ಲಸಿಕೆಯೊಂದೇ ದಾರಿ. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕಬೇಕು. ತೊಡಕೇನೆಂದರೆ, ಲಸಿಕೆಯ ಸಣ್ಣ ಶೀಸೆಯಲ್ಲೂ ನೂರು ಕೋಳಿಗಾಗುವಷ್ಟಿರುತ್ತದೆ. ಒಮ್ಮೆ ಬೆರೆಸಿದರೆ ಒಂದೆರಡು ತಾಸಿನೊಳಗೆ ಮುಗಿಸಬೇಕು. ಹಿತ್ತಲಿನಲ್ಲಿ ಹತ್ತು ಮರಿ ಸಾಕುವವರು ಲಸಿಕೆ ಹಾಕಿಸದಿರಲು ಇದೇ ಕಾರಣ. ನಾವು ಬೀದಿಯಲ್ಲಿ ಮರಿ ಇರುವ ಮನೆಗಳಿಗೆಲ್ಲ ಹೇಳಿಕಳುಹಿಸಿ, ಶೀಸೆಯನ್ನು ಐಸಿನ ಡಬ್ಬಿಯಲ್ಲಿ ತಂದು, ಬಿಸಿಲೇರುವ ಮೊದಲೇ ನಮ್ಮ ಜಗಲಿಯ ಮೇಲೆ ಎಲ್ಲರ ಪಿಳ್ಳೆಗಳಿಗೂ ಹನಿ ಹಾಕಿದೆವು. ಎರಡನೆಯ ಸುತ್ತು, ರೆಕ್ಕೆಯಡಿಯ ಸೂಜಿ, ಆರರಿಂದ ಎಂಟು ವಾರಕ್ಕೆ ಬರುತ್ತದೆ. ಅದಕ್ಕೂ ಅದೇ ಮನೆಗಳವರು ಈಗಲೇ ಹೆಸರು ಬರೆಸಿದ್ದಾರೆ. ಶೀಸೆಯ ದುಡ್ಡನ್ನು ಈ ಬಾರಿ ಮರಿಯ ಲೆಕ್ಕದಲ್ಲಿ ಹಂಚಿಕೊಳ್ಳಬೇಕೆಂದು ಮಾತಾಗಿದೆ.